ಕಿವಿ ಡಾಕ್ಟರ ಪುಟಕ್ಕೆ ಬಂದ ಪತ್ರಗಳು

ಹೊಗಳಿಕೆ ಯಾರಿಗೆ ಬೇಡ ಹೇಳಿ. ಅದರಲ್ಲೂ ತೀರಿಕೊಂಡ ಗಂಡನನ್ನು ಯಾರೋ ಗುರುತಿಲ್ಲದವರು ಬಾಯ್ತುಂಬ ಹೊಗಳಿ ಪತ್ರ ಬರೆದರೆ, ಓದುತ್ತ ಕೂತವರಿಗೆ ಪಕ್ಕದಲ್ಲಿಟ್ಟ ಚಹಾ ಆರಿದ್ದೂ ಗೊತ್ತಾಗುವುದಿಲ್ಲ. ಅತ್ತೆಯ ಚಹಾ ಈಚೆಗೆ ದಿನವೂ ಆರುತ್ತಿತ್ತು.

ಅತ್ತೆ ಅಂದರೆ ಆ ಮನೆಗೆ ಬಂದ ಸೊಸೆಗೆ ಅತ್ತೆ. ಸೊಸೆ ಕರೆಯುವುದನ್ನು ಕೇಳಿ ಕೇಳಿ ಹಾಲಿನವನು, ಮೂಲೆಯ ಔಷಧಿ ಅಂಗಡಿಯವನು, ಕೊನೆಗೆ ಎದುರು ಮನೆಯ ಹಲ್ಲಿಲ್ಲದ ಅಜ್ಜ ಕೂಡ ಅತ್ತೆ ಎಂದೇ ಕೂಗತೊಡಗಿದ್ದರು. ಅಜ್ಜನಿಗಿಂತ ಅವಳು ಎಷ್ಟೋ ಚಿಕ್ಕವಳು. ಆದರೆ ಬೀದಿಯ ಬಾಯಿಗೆ ಬಿದ್ದ ಹೆಸರನ್ನು ವಾಪಸ್ ಕಿತ್ತುಕೊಳ್ಳುವುದು ಯಾರಿಂದಲೂ ಆಗದ ಕೆಲಸ. ನಾವೂ ಹಾಗೇ ಕರೆಯೋಣ.

ಮನೆಯ ಮುಂದಿನ ಕೋಣೆ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯಾಗಿತ್ತು. ಈಗ ಶಟರ್ ಅರ್ಧಕ್ಕೆ ಮಾತ್ರ ಏಳುತ್ತದೆ, ಒಳಗೆ ಬರುವವರು ತಲೆ ಬಗ್ಗಿಸಬೇಕು. ಗೋಡೆಯ ಮೊಳೆಗಳಲ್ಲಿ ಬೆಲ್ಟುಗಳು ನೇತಾಡುತ್ತವೆ. ಬಿಸ್ಕತ್ತಿನ ಡಬ್ಬಿಗಳ ತುಂಬ ದಾರ ಸುತ್ತುವ ಬಾಬಿನ್ನು, ಸ್ಕ್ರೂ, ಬಾಗಿದ ಸೂಜಿ. ಯಾರೂ ವಾಪಸ್ ಒಯ್ಯದೆ ಬಿಟ್ಟ ಕಪ್ಪು ಮೆಷಿನ್ ಒಂದು ಕಿಟಕಿಯ ಹತ್ತಿರ ನಿಂತಿದೆ. ಎಣ್ಣೆಯ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ, ಅತ್ತೆಗೂ ಹೋಗುವುದು ಬೇಕಿರಲಿಲ್ಲ. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆ ಅವಳೇ ಹೊಲಿದ ಹೂವಿನ ಬಟ್ಟೆಯ ಮುಸುಕು.

ಅವಳ ಗಂಡನನ್ನು ಊರವರು ಕಿವಿ ಡಾಕ್ಟರು ಎನ್ನುತ್ತಿದ್ದರು. ಒಮ್ಮೆ ಒಬ್ಬರು ನಿಜವಾಗಿಯೂ ಕಿವಿನೋವೆಂದು ಕೆನ್ನೆಗೆ ಕೈ ಒತ್ತಿಕೊಂಡು ಬಂದು ಸರದಿಯಲ್ಲಿ ಕೂತಿದ್ದುಂಟು. ವಿಷಯ ಏನೆಂದರೆ, ಅವರು ಯಾವ ಮೆಷಿನ್ನನ್ನೂ ಮೊದಲು ಬಿಚ್ಚುತ್ತಿರಲಿಲ್ಲ. ಏನು ಕೆಟ್ಟಿದೆ ಎಂದೂ ಕೇಳುತ್ತಿರಲಿಲ್ಲ. "ಹೇಗೆ ಸದ್ದು ಮಾಡುತ್ತೆ, ಮಾಡಿ ತೋರಿಸಿ" ಎನ್ನುತ್ತಿದ್ದರು. ಎಂಥ ಗಂಭೀರಸ್ಥರೂ ಅಲ್ಲಿ ನಿಂತು ಬಾಯಲ್ಲಿ ಗರಗರ, ಟಕ್ ಟಕ್, ಕಿರ್ರೋ ಎನ್ನಬೇಕಿತ್ತು. ಕಂಡರೆ ಮಕ್ಕಳೆಲ್ಲ ಗಡಗಡ ನಡುಗುತ್ತಿದ್ದ ಹೆಡ್‌ಮಿಸ್ ಒಬ್ಬರು ಆ ಕೋಣೆಯಲ್ಲಿ ನಿಂತು "ಕುಟುಕುಟು, ಕುಟುಕುಟು, ಚರ್ರ್" ಅಂದಾಗ ಅತ್ತೆ ಒಳಗೆ ಓಡಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದಳು. ಕಿವಿ ಡಾಕ್ಟರು ನಗಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಅನ್ನಿಸಿ, ಸೂಜಿ ಬಾಗಿದೆ ಎಂದರು. ಬಾಗಿತ್ತು.

ರಿಪೇರಿ ಅವರದು, ಹೊಲಿದು ನೋಡುವುದು ಅತ್ತೆಯದು. ಸರಿಯಾದ ಪ್ರತಿ ಮೆಷಿನ್ನಿನ ಮೇಲೂ ಅವಳು ತುಂಡು ಬಟ್ಟೆಯೊಂದರಲ್ಲಿ ಉದ್ದಕ್ಕೆ ಒಂದು ಹೊಲಿಗೆ ಹಾಕಿ, ಆ ತುಂಡನ್ನು ಸೂಜಿಯ ಕೆಳಗೇ ಬಿಟ್ಟು ಕಳಿಸುತ್ತಿದ್ದಳು. ಹೊಲಿಗೆ ಚೂರು ಓರೆಯಾದರೂ ಮೆಷಿನ್ ಮನೆ ಬಿಡುವಂತಿಲ್ಲ. ಈ ವಿಷಯದಲ್ಲಿ ಗಂಡನ ಮಾತೂ ನಡೆಯುತ್ತಿರಲಿಲ್ಲ.

ಮುಂದೆ ಪರಊರಿನವರೂ ಫೋನಿನಲ್ಲಿ ಗರಗರ ಎನ್ನತೊಡಗಿದ ಮೇಲೆ, ಆ ಮನುಷ್ಯ ಆ ವಯಸ್ಸಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ವೆಬ್‌ಸೈಟು ಮಾಡುವುದನ್ನು ಕಲಿತು ಬಂದರು. ಕಲಿತರೇನು, ಕೈ ತುಂಬ ಎಣ್ಣೆ. ಕೀಬೋರ್ಡು ಮುಟ್ಟಿದರೆ ಅತ್ತೆ ಹೊಡೆಯಲು ಬರುತ್ತಿದ್ದಳು. ಹಾಗಾಗಿ ಅವರು ಮೆಷಿನ್ ಬಿಚ್ಚುತ್ತ ಹೇಳುವುದು, ಅವಳು ಟೈಪ್ ಮಾಡುವುದು ಎಂದಾಯಿತು. ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಅವರು ಬರೆಸಿದ ಮೊದಲ ಸಾಲು ಇದು: ಪತ್ರ ಬರೆಯುವವರು ಮೊದಲು ಶಬ್ದ ಬರೆಯಿರಿ, ಉಳಿದದ್ದು ಆಮೇಲೆ.

ಜನ ಬರೆದರು. ಉತ್ತರ ಹೋಯಿತು. ಉತ್ತರ ಸಿಕ್ಕಿತು, ಮೆಷಿನ್ ಸರಿಯಾಯಿತು ಎಂದು ತಿರುಗಿ ಬರೆದವರು ಮಾತ್ರ ಬೆರಳೆಣಿಕೆಯಷ್ಟೂ ಇಲ್ಲ. ಅತ್ತೆಗೆ ಅದೊಂದು ಉರಿ. ಪುಕ್ಕಟೆ ಹೇಳಿಕೊಟ್ಟಿದ್ದಕ್ಕೆ ಒಂದು ಒಳ್ಳೆ ಮಾತು ಬರೆದರೆ ಇವರ ಕೈ ಸವೆಯುತ್ತದಾ ಎಂದು ಗೊಣಗುತ್ತಿದ್ದಳು. ಕಿವಿ ಡಾಕ್ಟರು ಎಣ್ಣೆ ಡಬ್ಬಿಯ ಮೂತಿ ಒರೆಸುತ್ತ, "ಬರೀಲಿಲ್ಲ ಅಂದ್ರೆ ಹೊಲೀತಿದ್ದಾರೆ ಅಂತ ಕಣೇ. ಕೆಟ್ಟಿದ್ರೆ ಮರುದಿನವೇ ಬರೀತಿದ್ರು" ಎನ್ನುತ್ತಿದ್ದರು. ಅತ್ತೆ ಮೂಗು ಮುರಿಯುತ್ತಿದ್ದಳು.

ಊರಿನ ಮೆಷಿನ್ನುಗಳ ಸದ್ದನ್ನೆಲ್ಲ ಕೇಳಿಸಿಕೊಂಡವರು ತಮ್ಮ ಎದೆಯೊಳಗಿನದನ್ನು ಕೇಳಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದವರು ಹಾಗೇ ಕೂತರು, ಮತ್ತೆ ಏಳಲಿಲ್ಲ. ಅದಕ್ಕೇ ಶಟರ್ ಇವತ್ತಿಗೂ ಅರ್ಧಕ್ಕೆ ನಿಂತಿರುವುದು. ಮಗ ಎಷ್ಟು ಸಲ ಸರಿಮಾಡಿಸುತ್ತೇನೆ ಅಂದರೂ ಅತ್ತೆ ಬೇಡವೆಂದಳು.

ಪುಟ ಹಾಗೇ ಉಳಿಯಿತು, ಪತ್ರ ಬರುವುದು ಕಡಿಮೆಯಾಯಿತು. ಬಂದ ಒಂದೆರಡಕ್ಕೆ ಅತ್ತೆಗೆ ಉತ್ತರ ಬರೆಯುವ ಧೈರ್ಯವಾಗಲಿಲ್ಲ. ಹೇಳುವವರೇ ಇಲ್ಲದಿದ್ದರೆ ಬೆರಳು ಏನು ಟೈಪ್ ಮಾಡೀತು? ಆದರೂ ದಿನಾ ಬೆಳಿಗ್ಗೆ ಮುಸುಕು ತೆಗೆದು, ಪತ್ರಪೆಟ್ಟಿಗೆ ತೆರೆದು, ಖಾಲಿ ನೋಡಿ ಮುಚ್ಚುತ್ತಿದ್ದಳು. ಅವರನ್ನು ಲೋಕ ಮರೆತುಬಿಟ್ಟಿತಲ್ಲ ಎಂದುಕೊಳ್ಳುತ್ತಿದ್ದಳು.

ಅಂಥದ್ದರಲ್ಲಿ ಟೀಚರಮ್ಮನ ಪತ್ರ ಬಂತು.

"ಮಾನ್ಯರೇ, ನಾನೊಬ್ಬ ಶಿಕ್ಷಕಿ. ನಿಮ್ಮ ಅದ್ಭುತವಾದ ಪುಟದಿಂದ ನಮ್ಮ ತರಗತಿಗೆ ತುಂಬ ಸಹಾಯವಾಯಿತು. ನಮ್ಮಲ್ಲಿ ಒಬ್ಬಳು ಹುಡುಗಿಯಿದ್ದಾಳೆ, ಬಹಳ ನಾಚಿಕೆ ಸ್ವಭಾವ, ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ. ನಿಮ್ಮ ಪುಟ ಓದಿದ ಮೇಲೆ ಅವಳೇ ಹುಡುಕಿ ಇದೇ ವಿಷಯದ ಇನ್ನೊಂದು ಒಳ್ಳೆಯ ಪುಟ ಕಂಡುಕೊಂಡಿದ್ದಾಳೆ. ಅದರ ಲಿಂಕನ್ನು ನಿಮ್ಮ ಪುಟದಲ್ಲಿ ಸೇರಿಸಿದರೆ ಅವಳಿಗೆ ಎಷ್ಟು ಹೆಮ್ಮೆಯಾಗುವುದೋ ಹೇಳಲಾರೆ."

ಅತ್ತೆ ಅದನ್ನು ಎಷ್ಟು ಸಲ ಓದಿದಳೋ. ಅದ್ಭುತವಾದ ಪುಟ! ಆ ಮಾತಿಗಾಗಿ ಅವಳು ಎಷ್ಟು ವರ್ಷ ಗೊಣಗಿದ್ದಳು, ಅದು ಈಗ ಬಂದಿತ್ತು, ಕೇಳಬೇಕಾದವರು ಇರಲಿಲ್ಲ. ಪತ್ರ ಅವರ ಹೆಸರಿಗಿತ್ತು. ಉತ್ತರವನ್ನೂ ಅವಳು ಅವರ ಹೆಸರಿನಲ್ಲೇ ಬರೆದಳು. ಅವರಿಲ್ಲ ಎಂದರೆ ಹುಡುಗಿಗೆ ಬೇಜಾರಾಗುತ್ತದೆ ಎಂದು ತನಗೇ ಹೇಳಿಕೊಂಡಳು. ಅದು ನೆಪ. ಇದ್ದಾರೆಂದು ತಿಳಿದಿರುವವರು ಈ ಭೂಮಿಯ ಮೇಲೆ ಇಬ್ಬರಾದರೂ ಇರಲಿ ಎಂದು ಅವಳ ಆಸೆ. ಲಿಂಕು ಹಾಕುವುದು ಅವಳಿಗೆ ಬರುತ್ತಿತ್ತು, ತೇಪೆ ಹಾಕಿದಷ್ಟೇ ಸುಲಭ. ಹಾಕಿದಳು. ಹುಡುಗಿ ಕುಣಿದಾಡಿದಳು ಎಂದು ಮರುದಿನ ಟೀಚರಮ್ಮ ಬರೆದರು.

ಆಮೇಲೆ ಆ ಹುಡುಗಿ ಮನೆಯವಳೇ ಆದಳು. ಎರಡು ಜಡೆ, ಶಾಯಿ ಮೆತ್ತಿದ ಬೆರಳು, ಉದ್ದವಾಯಿತೆಂದು ಮಡಚಿ ಹೊಲಿದ ಲಂಗ, ಎಲ್ಲ ಅತ್ತೆಯೇ ಮನಸ್ಸಿನಲ್ಲಿ ಕೊಟ್ಟಿದ್ದು. ಅವಳಿಗಾಗಿ ಬಾಬಿನ್ ಬಗ್ಗೆ ಇನ್ನೂ ಸುಲಭವಾಗಿ ಬರೆಯಬೇಕು ಎಂದೂ ಅಂದುಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಳೆಯ ಕಾಲದ ಹೆಂಗಸರು ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಇಟ್ಟುಕೊಂಡಳು.

ಒಬ್ಬರಿಗೆ ಬಾಗಿಲು ತೆರೆದದ್ದು ಉಳಿದವರಿಗೆ ಹೇಗೆ ಗೊತ್ತಾಯಿತೋ, ಪತ್ರಗಳು ಸಾಲುಗಟ್ಟಿದವು. ಒಬ್ಬರು ಸಂಪಾದಕರಂತೆ, ಒಬ್ಬರು ಮನೆ ಅಲಂಕಾರದವರಂತೆ, ಇನ್ನೊಬ್ಬರು ಬೆನ್ನುನೋವಿನ ತಜ್ಞರಂತೆ. ಎಲ್ಲರಿಗೂ ಕಿವಿ ಡಾಕ್ಟರ ಪುಟ ಅದ್ಭುತ, ಎಲ್ಲರ ಹತ್ತಿರವೂ ಒಂದು ಲಿಂಕು. ಅತ್ತೆ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಹುಡುಗಿಯ ಲಿಂಕನ್ನು ಒಮ್ಮೆ ತೆರೆದು ನೋಡಿದ್ದಳು. ಹೊಲಿಗೆಯ ಇತಿಹಾಸವೆಂದು ತಲೆಬುಡವಿಲ್ಲದ ಏನೋ ಇತ್ತು, ಮಗು ಪಾಪ, ಅದಕ್ಕೇನು ಗೊತ್ತು ಎಂದು ಸುಮ್ಮನಾದಳು. ಉಳಿದವರದನ್ನು ತೆರೆಯಲೇ ಇಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಕೊಟ್ಟವರ ಎದುರೇ ಬಿಚ್ಚಿ ಪರೀಕ್ಷೆ ಮಾಡುವುದು ಮರ್ಯಾದೆಯಲ್ಲ ಎಂಬುದು ಅವಳ ಲೆಕ್ಕ.

ನಡುವೆ ಒಂದೇ ಒಂದು ಒರಟು ಪತ್ರ ಬಂದಿತ್ತು. "ಏನ್ರೀ, ನಿಮ್ಮ ಪುಟ ಯಾಕೆ ಹೀಗೆ ಹಾಳಾಗಿದೆ?" ಎಂದು ಶುರುವಾಗಿತ್ತು. ನಮಸ್ಕಾರವಿಲ್ಲ, ಮಾನ್ಯರೇ ಎನ್ನುವುದಿಲ್ಲ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಾಲು ಓದದೆ ಅದನ್ನು ಮೂಲೆಗೆ ಸರಿಸಿದಳು.

ಸೊಸೆ ಸಾರ್ವಜನಿಕ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮೆತ್ತಗಿನ ಹುಡುಗಿ, ಆದರೆ ತಮಾಷೆ ಹೇಳುವುದರಲ್ಲಿ ಎತ್ತಿದ ಕೈ. ಈಚೆಗೆ ಲೈಬ್ರರಿಯ ವೆಬ್‌ಸೈಟು ನೋಡಿಕೊಳ್ಳುವ ಕೆಲಸವೂ ಅವಳ ಕೊರಳಿಗೆ ಬಿದ್ದಿತ್ತು. ಗಂಡ ಬಸ್ ಡ್ರೈವರ್, ಬೆಳಗಿನ ಪಾಳಿ ಇದ್ದಾಗ ಕತ್ತಲಾಗುವ ಮೊದಲೇ ಉಂಡು ಮಲಗುತ್ತಿದ್ದ. ಹಾಗಾಗಿ ಸಂಜೆಯ ಊಟಕ್ಕೆ ಬಹಳ ದಿನ ಅತ್ತೆ ಸೊಸೆ ಇಬ್ಬರೇ, ಒಂದು ತಟ್ಟೆ ಅಲ್ಲಿ, ಒಂದು ತಟ್ಟೆ ಇಲ್ಲಿ, ನಡುವೆ ಅವಳ ಲೈಬ್ರರಿಯ ಕಥೆಗಳು.

ಆ ದಿನ ಕೂರುವ ಮೊದಲೇ ನಗು ಶುರುವಾಗಿತ್ತು. ಲೈಬ್ರರಿಗೆ ಒಂದು ಪತ್ರ ಬಂದಿದೆಯಂತೆ. ಹರಿದ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಬಗ್ಗೆ ಅವರ ಸೈಟಿನಲ್ಲಿ ಒಂದು ಪುಟವಿದೆ, ಅದನ್ನು ಯಾರೋ ಟೀಚರ್ ಹಾಡಿ ಹೊಗಳಿದ್ದಾರಂತೆ. ಅವರ ಕ್ಲಾಸಿನಲ್ಲಿ ಒಬ್ಬಳು ಹುಡುಗಿಯಂತೆ, ನಾಚಿಕೆ ಸ್ವಭಾವವಂತೆ, ಬಾಯಿ ಬಿಡುವವಳೇ ಅಲ್ಲವಂತೆ. ಬೈಂಡಿಂಗ್ ಎಂದರೆ ಅವಳಿಗೆ ಪ್ರಾಣವಂತೆ. ಅವಳು ಹುಡುಕಿದ ಲಿಂಕೊಂದನ್ನು ಹಾಕಬೇಕಂತೆ. ಸೊಸೆ ಟೀಚರಮ್ಮನ ದನಿ ಮಾಡಿ ಹೇಳಿದಳು. ಇಂಥ ಪತ್ರ ದಿನಕ್ಕೊಂದು ಬರುತ್ತದೆ, ಟೀಚರೂ ಇಲ್ಲ ಹುಡುಗಿಯೂ ಇಲ್ಲ, ಎಲ್ಲ ಲಿಂಕು ಹಾಕಿಸಿಕೊಳ್ಳುವವರ ನಾಟಕ ಎಂದು ಅಲ್ಲಿಯ ಹಿರಿಯರು ಕಸದ ಬುಟ್ಟಿಗೆ ಹಾಕಿಸಿದರಂತೆ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಆದರೂ ತಾಯಿ ಮಗುವಿನ ಪರ ವಹಿಸಿದ ಹಾಗೆ, ಒಂದು ಮಾತು ತಾನಾಗಿ ಬಾಯಿಂದ ಹೊರಬಿತ್ತು.

"ಒಂದು ಮಗು ಎರಡನ್ನೂ ಇಷ್ಟಪಡಬಾರದಾ?"

ಸೊಸೆಯ ನಗು ಹಾಗೇ ತುಟಿಯ ಮೇಲೆ ಉಳಿಯಿತು. "ಯಾವ ಎರಡನ್ನ, ಅತ್ತೆ?"

ಅತ್ತೆ ಬಿಡಿಸಿ ಹೇಳುವ ಅಗತ್ಯ ಬರಲಿಲ್ಲ. ಸೊಸೆ ಅವಳ ಮುಖ ನೋಡಿದಳು, ಮುಂದಿನ ಕೋಣೆಯ ಮುಸುಕು ಹಾಕಿದ ಕಂಪ್ಯೂಟರಿನ ಕಡೆ ನೋಡಿದಳು, ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಊಟ ಮುಗಿಸಿದರು. ಏನು ಉಂಡರೋ ಇಬ್ಬರಿಗೂ ನೆನಪಿರಲಿಕ್ಕಿಲ್ಲ.

ಪಾತ್ರೆ ತೊಳೆದಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಅತ್ತೆ ಪತ್ರ ತೋರಿಸಿದಳು. ಸೊಸೆ ಅದರಿಂದ ಒಂದು ಸಾಲು ಎತ್ತಿ ಹುಡುಕಾಟಕ್ಕೆ ಹಾಕಿದಳು. ಜೇನು ಸಾಕುವವನೊಬ್ಬ ಅದೇ ಪತ್ರವನ್ನು ತನ್ನ ಪುಟದಲ್ಲಿ ಅಂಟಿಸಿ, ಹುಷಾರು, ಇದು ಮೋಸ ಎಂದು ಬರೆದಿದ್ದ. ಹಳೆಯ ಬೀಗ ಕೂಡಿಡುವವನಿಗೂ ಅದೇ ಬಂದಿತ್ತು. ಪಾರಿವಾಳದವರಿಗೂ, ಗಾಳಿಪಟದವರಿಗೂ, ಊರಿನ ಬಾವಿಗಳ ಫೋಟೋ ತೆಗೆಯುವ ಹೆಂಗಸಿಗೂ. ಎಲ್ಲ ಕಡೆ ಅದೇ ಟೀಚರು, ಅದೇ ನಾಚಿಕೆಯ ಹುಡುಗಿ.

"ಪಾಪ, ಇಷ್ಟೆಲ್ಲ ಕಲಿಯೋ ಮಗು ಆಟ ಯಾವಾಗ ಆಡುತ್ತೆ?" ಅಂದಳು ಅತ್ತೆ. ಸೊಸೆಗೆ ನಗು ಬಂತು, ಅತ್ತೆಗೂ ಬಂತು. ನಗುತ್ತ ನಗುತ್ತ ಅತ್ತೆಯ ಕಣ್ಣು ತುಂಬಿ ಸುರಿಯಿತು.

ಸೊಸೆ ಹುಡುಗಿಯ ಲಿಂಕು ಒತ್ತಿದಳು. ಹೊಲಿಗೆಯ ಇತಿಹಾಸ ಎಲ್ಲೋ ಮಾಯವಾಗಿತ್ತು. ಕೆಂಪು ಹಸಿರು ಇಸ್ಪೀಟೆಲೆಗಳು ಗಿರಗಿರ ತಿರುಗಿದವು, ಬನ್ನಿ, ಆಡಿ, ಗೆಲ್ಲಿ ಎಂದು ಕರೆದವು. ಇನ್ನೊಂದು ಲಿಂಕು ಒತ್ತಿದರೆ ಐದು ನಿಮಿಷದಲ್ಲಿ ಸಾಲ ಕೊಡುವವರು. ಬೆನ್ನುನೋವಿನ ತಜ್ಞರದು ಒತ್ತಿದ ಮೇಲೆ ಬಂದದ್ದನ್ನು ಸೊಸೆ ನೋಡಿದ ತಕ್ಷಣ ಮುಚ್ಚಿದಳು.

ಇವರಿಗೆ ಇದರಿಂದ ಏನು ಲಾಭ ಎಂದು ಅತ್ತೆಗೆ ಅರ್ಥವಾಗಲಿಲ್ಲ. ಸೊಸೆ ನಿಧಾನವಾಗಿ ಬಿಡಿಸಿ ಹೇಳಿದಳು. ಇಂಟರ್ನೆಟ್ಟಿನಲ್ಲಿ ಪುಟ ಹುಡುಕಿಕೊಡುವ ಕಂಪನಿಗಳು ಯಾವುದನ್ನು ನಂಬಿ ಮೇಲೆ ತೋರಿಸಬಹುದು ಎಂದು ಲೆಕ್ಕ ಹಾಕುವುದು, ಯಾರು ಯಾರಿಗೆ ಲಿಂಕು ಕೊಟ್ಟಿದ್ದಾರೆ ಎಂದು ನೋಡಿ. ಜೂಜಿನವನಿಗೆ ಯಾರೂ ಸುಮ್ಮಸುಮ್ಮನೆ ಕೊಡುವುದಿಲ್ಲ. ಹಾಗಾಗಿ ಅವನು ಹಳೆಯ, ನಿಯತ್ತಿನ ಪುಟಗಳನ್ನು ಹುಡುಕಿಕೊಂಡು ಬರುತ್ತಾನೆ. "ಮಾವನ ಹತ್ತಿರ ಜಾಮೀನಿಗೆ ಸಹಿ ಹಾಕಿಸಿಕೊಂಡ ಹಾಗೆ, ಅತ್ತೆ. ಮಾವ ಒಳ್ಳೆಯವರು ಅಂತಲೇ ಬಂದಿದ್ದು."

ಸಹಿ ಹಾಕಿದ್ದು ಮಾವನಲ್ಲ, ತಾನು ಎಂದು ಅತ್ತೆಗೆ ಹೊಳೆಯಿತು. ಕಿವಿ ಡಾಕ್ಟರ ಹೆಂಡತಿಯ ಕಿವಿಯ ಮೇಲೆಯೇ ಹೂವಿಟ್ಟು ಹೋಗಿದ್ದರು. ಆದರೆ ಅವಳಿಗೆ ಇರಿದದ್ದು ಅದಲ್ಲ.

"ಹಾಗಾದ್ರೆ ಪುಟ ಅದ್ಭುತ ಅಂದಿದ್ದೂ ಸುಳ್ಳಾ?"

ಅವರು ಪುಟ ಓದಿಯೇ ಇಲ್ಲ ಎನ್ನುವುದು ಸುಳ್ಳು ಎನ್ನುವುದಕ್ಕಿಂತ ಕೆಟ್ಟದ್ದು, ಅದನ್ನು ಸೊಸೆ ಹೇಗೆ ಹೇಳುವುದು? ಲಿಂಕುಗಳನ್ನು ತೆಗೆದುಬಿಡೋಣ, ಇಲ್ಲದಿದ್ದರೆ ಪುಟ ಯಾರ ಕಣ್ಣಿಗೂ ಬೀಳದ ಹಾಗೆ ಮುಳುಗುತ್ತದೆ, ಸೂಜಿ ಸರಿಮಾಡಿಕೊಳ್ಳಲು ಬಂದವರು ಜೂಜಿಗೆ ಹೋಗುತ್ತಾರೆ ಎಂದಷ್ಟೇ ಹೇಳಿದಳು. ಅತ್ತೆ ಎದ್ದು ಕಂಪ್ಯೂಟರಿಗೆ ಮುಸುಕು ಹಾಕಿದಳು.

"ಏನೂ ತೆಗೀಬೇಡ. ಅದು ಅವರ ಪುಟ."

ಆಮೇಲಿನ ದಿನಗಳು ಮನೆಯಲ್ಲಿ ಬಿಗಿಯಾಗಿದ್ದವು. ಜಗಳವಾಗಿರಲಿಲ್ಲ. ಸೊಸೆ ಲೈಬ್ರರಿಯ ತಮಾಷೆ ಹೇಳುವುದನ್ನು ಬಿಟ್ಟಳು, ಅತ್ತೆ ಕೇಳುವುದನ್ನು ಬಿಟ್ಟಳು. ನಡುವೆ ಸಿಕ್ಕ ಮಗ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿ, ಬಸ್ಸೇ ವಾಸಿ ಎಂದು ಬೇಗನೆ ಕೆಲಸಕ್ಕೆ ಹೋದ. ಆದರೆ ಬೆಳಿಗ್ಗೆ ಸೊಸೆ ಹೊರಡುವಾಗ ಅತ್ತೆಯ ಚಹಾದ ಲೋಟದ ಮೇಲೆ ಒಂದು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದಳು, ಆರದಿರಲಿ ಎಂದು. ಅತ್ತೆ ಅದನ್ನು ನೋಡದವಳ ಹಾಗೆ ಇದ್ದಳು.

ಒಂದು ಬೆಳಿಗ್ಗೆ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಕಿವಿ ಡಾಕ್ಟರು ಯಾರ ಮಾತನ್ನೂ ನಂಬುತ್ತಿರಲಿಲ್ಲ, ಅಪನಂಬಿಕೆಯನ್ನೂ ಪಡುತ್ತಿರಲಿಲ್ಲ, ಶಬ್ದ ಕೇಳುತ್ತಿದ್ದರು. ತಾನೂ ಕೇಳಿಬಿಡೋಣ ಎಂದುಕೊಂಡಳು. ಟೀಚರಮ್ಮನಿಗೆ ಬರೆದಳು: ನಿಮ್ಮ ಹುಡುಗಿಯ ಮನೆಯಲ್ಲಿ ಮೆಷಿನ್ ಇದೆಯೇ? ಇದ್ದರೆ ಅದು ಹೇಗೆ ಸದ್ದು ಮಾಡುತ್ತದೆ ಎಂದು ಅವಳನ್ನೇ ಕೇಳಿ ಬರೆಯಿರಿ. ನಾಚಿಕೊಳ್ಳಬೇಡ ಎಂದು ಹೇಳಿ, ಇಲ್ಲಿ ಹೆಡ್‌ಮಿಸ್ಸುಗಳೂ ಸದ್ದು ಮಾಡಿ ತೋರಿಸಿದ್ದಾರೆ.

ಮಧ್ಯಾಹ್ನದೊಳಗೇ ಉತ್ತರ ಬಂತು. ನಿಮ್ಮ ಪತ್ರ ನೋಡಿ ಹುಡುಗಿ ಕುಣಿದಾಡಿದಳು, ನಿಮ್ಮ ಅದ್ಭುತವಾದ ಪುಟಕ್ಕೆ ಮತ್ತೊಮ್ಮೆ ವಂದನೆ, ಅವಳು ಇನ್ನೊಂದು ಲಿಂಕು ಹುಡುಕಿದ್ದಾಳೆ. ಶಬ್ದದ ಸುದ್ದಿಯೇ ಇಲ್ಲ.

ಅತ್ತೆ ಪತ್ರಪೆಟ್ಟಿಗೆಯನ್ನು ಹಿಂದಕ್ಕೆ, ಹಿಂದಕ್ಕೆ ಸರಿಸುತ್ತ ಅವರಿದ್ದ ಕಾಲಕ್ಕೆ ಹೋದಳು. ಗಂಡ ಹೋದ ಮೇಲೆ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಗರಗರ. ಎಣ್ಣೆ ಹಾಕಿದರೂ ಹೋಗಲ್ಲ." "ಟಕ್ ಟಕ್ ಅಂದು ಸೂಜಿ ಮುರಿಯುತ್ತೆ, ನಾಳೆ ಮಕ್ಕಳ ಯೂನಿಫಾರಂ ಕೊಡಬೇಕು." "ಚಿಂಯ್ ಚಿಂಯ್, ಇಲಿ ಮರಿ ಕೂಗಿದ ಹಾಗೆ." "ಶಬ್ದ ಇಲ್ಲವೇ ಇಲ್ಲ ಸಾರ್, ಅದೇ ನನಗೆ ಭಯ." ಯಾರೂ ಮಾನ್ಯರೇ ಎಂದಿರಲಿಲ್ಲ. ಅದ್ಭುತ ಎಂಬ ಮಾತು ಎಲ್ಲಿಯೂ ಇಲ್ಲ. ಎಲ್ಲರಿಗೂ ಏನೋ ಕೆಟ್ಟಿತ್ತು, ಎಲ್ಲರಿಗೂ ಅವಸರವಿತ್ತು, ಎಲ್ಲರೂ ಪುಟದ ಮೊದಲ ಸಾಲು ಓದಿದ್ದರು. ಪ್ರತಿ ಪತ್ರದ ಕೆಳಗೂ ಅವಳೇ ಟೈಪ್ ಮಾಡಿದ ಉತ್ತರ, ಓದಿದರೆ ಅವರ ದನಿ. ಕೆಳಗೆ ದಾರ ಗುಡ್ಡೆ ಬಿದ್ದರೆ ಕೆಳಗಿನ ದಾರವನ್ನು ಬೈಯಬೇಡಿ, ಮೇಲಿನದನ್ನು ಬಿಚ್ಚಿ ಮೊದಲಿಂದ ಪೋಣಿಸಿ. ಅತ್ತೆ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎಷ್ಟೋ ತಿಂಗಳ ಮೇಲೆ ಗಂಡ ಪಕ್ಕದಲ್ಲಿ ಕೂತು ಮಾತಾಡಿದಂತಾಗಿತ್ತು. ಹೊಗಳಿಕೆಯ ಪತ್ರ ಒಂದರಲ್ಲೂ ಅವರು ಹೀಗೆ ಮಾತಾಡಿರಲಿಲ್ಲ.

ಸಂಜೆ ಸೊಸೆ ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದಾಗ ಕಂಪ್ಯೂಟರಿನ ಮುಂದೆ ಎರಡು ಕುರ್ಚಿಗಳಿದ್ದವು.

"ಬಾ, ಕೈ ಕೊಡು. ಕಸ ತೆಗೀಬೇಕು" ಅಂದಳು ಅತ್ತೆ.

ಒಂದೊಂದಾಗಿ ತೆಗೆದರು. ಸಂಪಾದಕರು ಹೋದರು, ಸಾಲದವರು ಹೋದರು, ಬೆನ್ನುನೋವಿನವರನ್ನು ಅತ್ತೆ ನಾಲ್ಕು ಮಾತು ಬೈದೇ ಕಳಿಸಿದಳು. ಸೊಸೆಗೆ ಹಳೆಯ ತಮಾಷೆ ಮರಳಿ ಬಂತು. ಕೊನೆಗೆ ಉಳಿದದ್ದು ಹುಡುಗಿಯದು. ಸೊಸೆ ಅತ್ತೆಯ ಕಡೆ ತಿರುಗಿ, ಇದನ್ನು ನಾನು ತೆಗೆಯಲಾ ಎಂದು ಕೇಳಿದಳು.

"ಬೇಡ. ಹಾಕಿದವಳು ನಾನು."

ಇಲ್ಲದ ಹುಡುಗಿಯೇ ಇರಬಹುದು. ಆದರೆ ಎರಡು ಜಡೆ ಹಾಕಿ, ಲಂಗ ಮಡಚಿ ಹೊಲಿದು ಸಾಕಿದವಳಿಗೆ ಇಲ್ಲ ಎನ್ನುವುದು ಸುಲಭವಲ್ಲ. ಅತ್ತೆಯ ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. "ಹೋಗಿ ಬಾ ಮಗಳೇ" ಎಂದು ಮೆಲ್ಲಗೆ ಹೇಳಿ ಒತ್ತಿದಳು. ಸೊಸೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ಅಲ್ಲೇ ಇರಲೆಂದು ಅತ್ತೆ ಅಲುಗದೆ ಕೂತಳು.

ಆಮೇಲೆ ಅವಳಿಗೆ ಆ ಒರಟು ಪತ್ರ ನೆನಪಾಯಿತು. ಮೂಲೆಯಿಂದ ಎಳೆದು ತಂದು ಈ ಸಲ ಪೂರ್ತಿ ಓದಿದಳು.

"ಏನ್ರೀ, ನಿಮ್ಮ ಪುಟ ಯಾಕೆ ಹೀಗೆ ಹಾಳಾಗಿದೆ? ಏನು ಒತ್ತಿದರೂ ಜೂಜಿನವರು ಬರುತ್ತಾರೆ. ಮೊದಲು ಹೀಗಿರಲಿಲ್ಲ. ಐದು ವರ್ಷದ ಹಿಂದೆ ನಿಮ್ಮನ್ನು ಕೇಳಿ ನಮ್ಮಮ್ಮನ ಮೆಷಿನ್ ಸರಿಮಾಡಿದ್ದೆ, ಇಷ್ಟು ದಿನ ತೊಂದರೆ ಕೊಟ್ಟಿರಲಿಲ್ಲ. ಈಗ ಶುರುವಿನಲ್ಲಿ ಗರಗರ ಅಂದು, ಆಮೇಲೆ ಟಕ್ಕೆಂದು ನಿಂತುಬಿಡುತ್ತೆ. ಚಕ್ರ ಹಿಂದಕ್ಕೆ ತಿರುಗಿಸಿದರೆ ಬಿಡುತ್ತೆ. ನಿಮ್ಮನ್ನು ಬಿಟ್ಟರೆ ಯಾರನ್ನು ಕೇಳೋದು ಗೊತ್ತಿಲ್ಲ."

ಐದು ವರ್ಷ! ಅಷ್ಟೂ ದಿನ ಒಂದು ಸಾಲು ಬರೆದಿರಲಿಲ್ಲ, ಅಷ್ಟೂ ದಿನ ಎಲ್ಲೋ ಒಂದು ಮನೆಯಲ್ಲಿ ಒಬ್ಬ ತಾಯಿ ಆ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿದಳು. ಗರಗರ, ಆಮೇಲೆ ಟಕ್. ಆ ಸದ್ದನ್ನು ಅವಳು ಎಷ್ಟು ಸಲ ಟೈಪ್ ಮಾಡಿಲ್ಲ, ಹೊಲಿದು ನೋಡುವಾಗ ಎಷ್ಟು ಸಲ ಅವಳ ಅಂಗೈಗೇ ತಾಗಿಲ್ಲ! ಬಾಬಿನ್ ಕೂರುವ ಶಟಲಿನ ಕೆಳಗೆ ನೂಲಿನ ಜೂಲು ಗಟ್ಟಿಯಾಗಿದೆ, ಅದರಲ್ಲಿ ತುಂಡು ದಾರ ಸಿಕ್ಕಿಕೊಂಡಿದೆ.

ಈ ಸಲ ಹೇಳಿ ಬರೆಸುವವರು ಇರಲಿಲ್ಲ. ಸೊಸೆ ಅಡುಗೆಮನೆಗೆ ಹೋಗಿದ್ದಳು. ಅತ್ತೆ ಒಬ್ಬಳೇ ಬರೆದಳು. ಪುಟ ಹಾಳಾಗಿದ್ದು ನಿಜ, ತಪ್ಪು ನನ್ನದು, ಇವತ್ತು ಸ್ವಚ್ಛ ಮಾಡಿದ್ದೇನೆ. ಸೂಜಿ ತೆಗೆಯಿರಿ, ಸೂಜಿಯ ಕೆಳಗಿನ ತಗಡು ಬಿಚ್ಚಿ, ಶಟಲ್ ಹೊರಗೆ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಲ್ಲ ಉಜ್ಜಿ. ಒಂದೇ ತೊಟ್ಟು ಎಣ್ಣೆ, ಜಾಸ್ತಿ ಬೇಡ. ಆಮೇಲೆ ಬೇಡದ ತುಂಡು ಬಟ್ಟೆಯ ಮೇಲೆ ಒಂದು ಹೊಲಿಗೆ ಹಾಕಿ ನೋಡಿ. ನೆಟ್ಟಗೆ ಬಂದರೆ ಸರಿ, ಬರದಿದ್ದರೆ ಬರೆಯಿರಿ.

ಕೊನೆಯಲ್ಲಿ ಹೆಸರು ಬರೆಯುವ ಜಾಗದಲ್ಲಿ ಬೆರಳು ಅಭ್ಯಾಸಬಲದಿಂದ ಅವರ ಹೆಸರಿನ ಮೊದಲ ಅಕ್ಷರ ಒತ್ತಿತು. ಅದನ್ನು ಅಳಿಸಿದಳು. ಬರೆದಳು:

"ಅವರು ಈಗಿಲ್ಲ. ಹೋಗಿ ವರ್ಷದ ಮೇಲಾಯಿತು. ರಿಪೇರಿ ಮಾಡುತ್ತಿದ್ದವರು ಅವರು, ಹೊಲಿದು ನೋಡುತ್ತಿದ್ದವಳು ನಾನು. ಅಮ್ಮನಿಗೆ ನಮಸ್ಕಾರ ಹೇಳಿ."

ಇಷ್ಟು ದಿನ ಬಾಯಲ್ಲಿ ಆಡದ ಮಾತನ್ನು ಗುರುತಿಲ್ಲದವರಿಗೆ ಬರೆದಿದ್ದಳು. ಬರೆದ ಮೇಲೆ ಅದು ಅಂದುಕೊಂಡಷ್ಟು ಭಾರವಿರಲಿಲ್ಲ.

ಮರುದಿನ ಉತ್ತರ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸೊಸೆಗೆ ಒಳಗೊಳಗೇ ಕಳವಳ. ಅಷ್ಟು ಕಷ್ಟಪಟ್ಟು ಬರೆದಿದ್ದಾರೆ, ಅಯ್ಯೋ ಹೌದಾ ಎಂದಾದರೂ ಅನ್ನಬಾರದಾ ಆ ಮನುಷ್ಯ ಎಂದು ಲೈಬ್ರರಿಯಲ್ಲಿ ಕೂತು ಶಪಿಸಿದಳು. ಭಾನುವಾರ ಬೆಳಿಗ್ಗೆ ಚಹಾ ತಂದು ಮೇಜಿನ ಮೇಲಿಟ್ಟು, ಎಲ್ಲೋ ನೋಡುತ್ತ, ಆ ಗರಗರದವರು ಏನಾದರೂ ಬರೆದರಾ ಎಂದು ಕೇಳಿದಳು.

ಅತ್ತೆ ಕಿಟಕಿಯ ಹತ್ತಿರದ ಕಪ್ಪು ಮೆಷಿನ್ನಿನ ಧೂಳು ಒರೆಸುತ್ತಿದ್ದಳು. ಬಟ್ಟೆ ಕೆಳಗಿಟ್ಟು ಬಂದು ಲೋಟ ಕೈಗೆತ್ತಿಕೊಂಡು ಬಿಸಿಬಿಸಿ ಚಹಾ ಒಂದು ಗುಟುಕು ಕುಡಿದಳು.

"ಇಲ್ಲ ಕಣೇ," ಅಂದಳು. "ಹೊಲೀತಿದ್ದಾರೆ."